ಒಂಟಿಯಾಗಿ ಬಿಟ್ಟರೆ ಕಿರುಚುವ ಗಿಣಿ: ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು

ಸನ್ ಕೊನ್ಯೂರ್ ಗಿಣಿಯ ತೂಕ ಸುಮಾರು 110 ಗ್ರಾಂ. ಅದರ ಕೂಗು ಮಾತ್ರ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಗೂ ಕೇಳುತ್ತದೆ, ಕೆಳಗಿನ ಮಹಡಿಗೂ ಕೇಳುತ್ತದೆ. ಬೆಂಗಳೂರಿನಲ್ಲಿ ಹಳದಿ ಕೇಸರಿ ಬಣ್ಣಕ್ಕೆ ಮನಸೋತು ಈ ಹಕ್ಕಿ ತರುವವರು ಬಹಳ. ಮರಿ ಇದ್ದಾಗ ದಿನವಿಡೀ ಹೆಗಲ ಮೇಲೆ ಕೂರಿಸಿಕೊಂಡು ಓಡಾಡುತ್ತಾರೆ. ರಜೆ ಮುಗಿದು ಮನೆಯವರೆಲ್ಲ ಕೆಲಸಕ್ಕೆ, ಶಾಲೆಗೆ ಹೊರಟ ದಿನ ಕಿರುಚಾಟ ಶುರುವಾಗುತ್ತದೆ. ಪಕ್ಕದ ಮನೆಯವರು ಅಸೋಸಿಯೇಷನ್‌ಗೆ ದೂರು ಕೊಡುತ್ತಾರೆ. ಎಷ್ಟೋ ಹಕ್ಕಿಗಳನ್ನು ಈ ಹಂತದಲ್ಲೇ ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ಅಲ್ಲಿ ಹೋಗಿಯೂ ಅದು ಕಿರುಚುತ್ತದೆ.

ಇದನ್ನು ಬಹುಮಟ್ಟಿಗೆ ಸರಿಪಡಿಸಬಹುದು. ಅದಕ್ಕೆ ವಾರಗಟ್ಟಲೆ ತಾಳ್ಮೆ ಬೇಕು, ಮನೆಯವರೆಲ್ಲ ಒಂದೇ ರೀತಿ ನಡೆದುಕೊಳ್ಳಬೇಕು. ನಾನು ಬರೆಯುತ್ತಿರುವುದು ಸನ್ ಕೊನ್ಯೂರ್ ಅನ್ನು ಮನಸ್ಸಿನಲ್ಲಿಟ್ಟುಕೊಂಡು. ಕಾಕಟೀಲ್, ಲವ್ ಬರ್ಡ್, ಆಫ್ರಿಕನ್ ಗ್ರೇ ಸಾಕಿದವರಿಗೂ ಕ್ರಮ ಇದೇ.

ಮೊದಲು, ಅದು ಯಾಕೆ ಕಿರುಚುತ್ತದೆ

ಸನ್ ಕೊನ್ಯೂರ್ ದಕ್ಷಿಣ ಅಮೆರಿಕದ ಹಕ್ಕಿ. ಗಯಾನಾ ಮತ್ತು ಬ್ರೆಜಿಲ್‌ನ ಉತ್ತರ ಭಾಗದಲ್ಲಿ ಗುಂಪುಗುಂಪಾಗಿ ಬದುಕುತ್ತದೆ. ಮರಗಳ ನಡುವೆ ಕಣ್ಣಿಗೆ ಕಾಣದಿದ್ದರೂ ಒಂದು ಕೂಗಿದರೆ ಇನ್ನೊಂದು ಓಗೊಡುತ್ತದೆ. 'ಎಲ್ಲಿದ್ದೀಯಾ?' 'ಇಲ್ಲಿದ್ದೀನಿ.' ದಿನವಿಡೀ ಇದೇ ಮಾತುಕತೆ. ವೆನೆಜುವೆಲಾದ ಪುಟ್ಟ ಹಸಿರು ಗಿಣಿಗಳ ಮೇಲೆ ನಡೆದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅಲ್ಲಿ ಒಂದೊಂದು ಮರಿಗೂ ಅದರದ್ದೇ ಆದ ಕೂಗು ಇತ್ತು, ಅದನ್ನು ಮರಿ ಕಲಿತದ್ದು ಅಪ್ಪ ಅಮ್ಮನಿಂದ. ನಾವು ಹೆಸರಿಡುವ ಹಾಗೆಯೇ ಅಲ್ವಾ?

ಕಾಡಿನಲ್ಲಿ ಒಂಟಿಯಾದ ಗಿಣಿ ಬೇಟೆಗಾರ ಹಕ್ಕಿಗೆ ಸುಲಭದ ತುತ್ತು. ಹಾಗಾಗಿ ಕೂಗಿದಾಗ ಉತ್ತರ ಬಾರದಿದ್ದರೆ ಅದು ಇನ್ನೂ ಜೋರಾಗಿ ಕೂಗುತ್ತದೆ. ಮನೆಯಲ್ಲಿ ನೀವೇ ಅದರ ಗುಂಪು. ಬಾಗಿಲು ಎಳೆದುಕೊಂಡು ಹೋದಾಗ ನೀವು ಸಂಜೆ ವಾಪಸ್ ಬರುತ್ತೀರಿ ಅಂತ ಅದಕ್ಕೆ ಗೊತ್ತಿಲ್ಲ. ಒಂಟಿತನ ಅದರ ಮೈಯನ್ನೂ ತಟ್ಟುತ್ತದೆ. ಆಸ್ಟ್ರಿಯಾದ ಸಂಶೋಧಕರು 2014ರಲ್ಲಿ ಆಫ್ರಿಕನ್ ಗ್ರೇ ಗಿಣಿಗಳನ್ನು ಪರೀಕ್ಷಿಸಿದರು. ಜೀವಕೋಶದ ವರ್ಣತಂತುಗಳ ತುದಿಯನ್ನು ಕಾಯುವ ಟೆಲೊಮಿಯರ್ ಎಂಬ ಭಾಗ ವಯಸ್ಸಾದಂತೆ ಗಿಡ್ಡವಾಗುತ್ತಾ ಹೋಗುತ್ತದೆ. ಒಂಟಿಯಾಗಿ ಇಟ್ಟಿದ್ದ ಗಿಣಿಗಳಲ್ಲಿ ಅದು ಜೋಡಿಯಾಗಿದ್ದ ಅದೇ ವಯಸ್ಸಿನ ಗಿಣಿಗಳಿಗಿಂತ ಗಿಡ್ಡವಾಗಿತ್ತು. ಆದ್ದರಿಂದ 'ಹಠಮಾರಿ ಹಕ್ಕಿ' ಅನ್ನುವ ಮಾತನ್ನು ದಯವಿಟ್ಟು ಬಿಟ್ಟುಬಿಡಿ.

ಇನ್ನೊಂದು ವಿಷಯ. ಬೆಳಿಗ್ಗೆ ಬೆಳಕು ಹರಿದಾಗ, ಸಂಜೆ ಸೂರ್ಯ ಮುಳುಗುವಾಗ ಹತ್ತು ಹದಿನೈದು ನಿಮಿಷ ಗದ್ದಲ ಮಾಡುವುದು ಗಿಣಿಯ ಸ್ವಭಾವ. ಅದನ್ನು ನಿಲ್ಲಿಸಲು ಹೋಗಬೇಡಿ. ಪೂರ್ತಿ ಮೌನ ಬೇಕು ಅನ್ನುವವರು ಗಿಣಿ ಸಾಕಬಾರದು. ಕೊನ್ಯೂರ್ ಅಂತೂ ಬೇಡವೇ ಬೇಡ.

ಎರಡು ಬಗೆಯ ಕಿರುಚಾಟ

ಈ ಎರಡನ್ನು ಬೇರೆ ಮಾಡಿಕೊಳ್ಳದೆ ಮುಂದೆ ಹೋದರೆ ಎಷ್ಟು ಕಷ್ಟಪಟ್ಟರೂ ಉಪಯೋಗ ಕಮ್ಮಿ.

ಮೊದಲನೆಯದು, ನೀವು ಮನೆಯಲ್ಲೇ ಇದ್ದೀರಿ, ಅಡುಗೆಮನೆಗೋ ಸ್ನಾನಕ್ಕೋ ಹೋದಿರಿ, ಹಕ್ಕಿ ಕಿರುಚಿತು. ಇಲ್ಲಿ ನಿಮ್ಮ ಪ್ರತಿಕ್ರಿಯೆಯೇ ಮುಖ್ಯ. ನೀವು ಓಡಿ ಬಂದರೆ, 'ಏಯ್ ಸುಮ್ನಿರು' ಅಂತ ಗದರಿದರೆ, ಅದಕ್ಕೆ ಬೇಕಾದ ಉತ್ತರ ಸಿಕ್ಕಿಬಿಡುತ್ತದೆ. ಗದರಿದ್ದು ಅಂತ ಅದಕ್ಕೆ ಅನ್ನಿಸುವುದಿಲ್ಲ. ಕೂಗಿದೆ, ಓಗೊಟ್ಟರು, ಅಷ್ಟೇ.

ಎರಡನೆಯದು, ಮನೆಯಲ್ಲಿ ಯಾರೂ ಇಲ್ಲದಾಗಿನ ಕಿರುಚಾಟ. 'ಕಿರುಚಿದರೆ ಗಮನ ಕೊಡಬೇಡಿ' ಅನ್ನುವ ಸಲಹೆ ಇಲ್ಲಿ ಕೆಲಸಕ್ಕೆ ಬಾರದು. ಗಮನ ಕೊಡಲು ಅಲ್ಲಿ ಯಾರಿದ್ದಾರೆ? ಇದು ಭಯದಿಂದಲೋ ಬೇಸರದಿಂದಲೋ ಬಂದದ್ದು. ಒಂಟಿಯಾಗಿ ಇರುವುದನ್ನು ಅದಕ್ಕೆ ಕಲಿಸಬೇಕು, ಮಾಡಲು ಕೆಲಸ ಕೊಡಬೇಕು. ಹೆಚ್ಚಿನ ಮನೆಗಳಲ್ಲಿ ಎರಡೂ ಇರುತ್ತವೆ. ಮೊದಲನೆಯದನ್ನು ಸರಿಪಡಿಸಿ ಎರಡನೆಯದಕ್ಕೆ ಕೈ ಹಾಕಿ.

ಹೆಜ್ಜೆ 1: ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಳ್ಳಿ

ಕಾಯಿಲೆ ಬಿದ್ದ ಹಕ್ಕಿ ಸಾಮಾನ್ಯವಾಗಿ ಮೌನವಾಗುತ್ತದೆ. ಆದರೂ ಇಷ್ಟು ದಿನ ಸುಮ್ಮನಿದ್ದ ಗಿಣಿ ಇದ್ದಕ್ಕಿದ್ದಂತೆ ಕಿರುಚಲು ಶುರು ಮಾಡಿದರೆ ಮೊದಲು ಹಕ್ಕಿಗಳನ್ನು ನೋಡಿ ಅಭ್ಯಾಸ ಇರುವ ಪಶುವೈದ್ಯರಿಗೆ ತೋರಿಸಿ. ನೋವು, ತುರಿಕೆ, ಅಗ್ಗದ ಪಂಜರದ ಸತುವಿನ ಲೇಪನ ಕಚ್ಚಿ ಆಗುವ ವಿಷಬಾಧೆ, ಏನು ಬೇಕಾದರೂ ಇರಬಹುದು. ಗರಿ ಉಬ್ಬಿಸಿ ಕೂರುವುದು, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುವುದು, ಹಿಕ್ಕೆಯ ಬಣ್ಣ ಬದಲಾಗುವುದು ಕಂಡರೆ ಅದೇ ದಿನ ಹೋಗಿ. ಗ್ರಾಂ ತೋರಿಸುವ ಅಡುಗೆ ತಕ್ಕಡಿ ಒಂದನ್ನು ತಂದು ದಿನಾ ಬೆಳಿಗ್ಗೆ ತೂಕ ನೋಡುವುದು ಒಳ್ಳೆಯ ಅಭ್ಯಾಸ. ಮುಂದಿನ ಹೆಜ್ಜೆಗಳಲ್ಲಿ ಇದು ಬೇಕಾಗುತ್ತದೆ.

ಕಾನೂನಿನ ಮಾತನ್ನೂ ಇಲ್ಲೇ ಹೇಳುತ್ತೇನೆ. ಕೊರಳಿಗೆ ಗುಲಾಬಿ ಪಟ್ಟಿ ಇರುವ ನಮ್ಮ ಹಸಿರು ಗಿಣಿ ಸೇರಿ ಈ ದೇಶದ ಯಾವ ಕಾಡು ಗಿಣಿಯನ್ನೂ ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ಅಂಥ ಹಕ್ಕಿ ನಿಮ್ಮ ಬಳಿ ಇದ್ದರೆ ತರಬೇತಿಯ ಯೋಚನೆ ಬಿಟ್ಟು ಅರಣ್ಯ ಇಲಾಖೆಯನ್ನು ಸಂಪರ್ಕಿಸಿ. ಕಿಟಕಿ ತೆರೆದು ಹಾರಿಬಿಡಬೇಡಿ, ಕೈಯಲ್ಲಿ ಬೆಳೆದ ಹಕ್ಕಿ ಹೊರಗೆ ಬದುಕುವುದು ಕಷ್ಟ. ಸನ್ ಕೊನ್ಯೂರ್, ಆಫ್ರಿಕನ್ ಗ್ರೇ ತರದ ವಿದೇಶಿ ಗಿಣಿಗಳನ್ನು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಹೆಜ್ಜೆ 2: ಹಳೆಯ ಫೋನಿನಲ್ಲಿ ರೆಕಾರ್ಡ್ ಮಾಡಿ

'ದಿನವಿಡೀ ಕಿರುಚುತ್ತದೆ' ಅಂತ ಪಕ್ಕದ ಮನೆಯವರು ಹೇಳಬಹುದು. ನಿಜವಾಗಿ ನೋಡಿದರೆ ಮೊದಲ ಇಪ್ಪತ್ತು ನಿಮಿಷ ಮತ್ತು ಮಧ್ಯಾಹ್ನ ಸ್ಕೂಲ್ ವ್ಯಾನ್ ಬರುವ ಹೊತ್ತು ಮಾತ್ರ ಇರಬಹುದು. ಮೂರು ನಾಲ್ಕು ದಿನ ರೆಕಾರ್ಡ್ ಮಾಡಿ ಕೇಳಿ. ನೀವು ಹೋದ ಎಷ್ಟು ಹೊತ್ತಿಗೆ ಶುರುವಾಯಿತು? ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು? ಯಾವಾಗ ನಿಂತಿತು? ಒಂದು ಪುಸ್ತಕದಲ್ಲಿ ಬರೆದಿಡಿ.

ಬೆಂಗಳೂರಿನಲ್ಲಿ ಒಂದು ಕಾರಣ ಎಷ್ಟೋ ಸಲ ಕಣ್ತಪ್ಪುತ್ತದೆ: ಹದ್ದು. ಎತ್ತರದ ಕಟ್ಟಡಗಳ ಸುತ್ತ ಅವು ಸದಾ ಸುತ್ತುತ್ತಿರುತ್ತವೆ. ಬಾಲ್ಕನಿಯ ಪಕ್ಕದ ಪಂಜರಕ್ಕೆ ಅವುಗಳ ನೆರಳು ಬಿದ್ದರೆ ಸಾಕು, ಗಿಣಿ ಪ್ರಾಣಭಯದಿಂದ ಚೀರುತ್ತದೆ. ಇಂಥ ಚೀರಾಟಕ್ಕೆ ತರಬೇತಿ ಬೇಡ, ಪಂಜರದ ಜಾಗ ಬದಲಿಸಿದರೆ ಸಾಕು.

ಕೆಲವರು ಮಾತಾಡುವ ಕ್ಯಾಮೆರಾ ಇಟ್ಟು, ಹಕ್ಕಿ ಕಿರುಚಿದಾಗ ಆಫೀಸಿನಿಂದ ಸಮಾಧಾನ ಹೇಳುತ್ತಾರೆ. ಇದನ್ನು ಮಾಡಬೇಡಿ. ಕಿರುಚಿದರೆ ನಿಮ್ಮ ದನಿ ಬರುತ್ತದೆ ಅಂತ ಅದು ಕಲಿಯುತ್ತದೆ. ದನಿ ಬಂದರೂ ನೀವು ಬರುವುದಿಲ್ಲ, ಆಗ ಇನ್ನಷ್ಟು ಕಿರುಚುತ್ತದೆ.

ಹೆಜ್ಜೆ 3: ನಿದ್ದೆ, ಜಾಗ, ಸ್ನಾನ

ಗಿಣಿಗೆ ದಿನಕ್ಕೆ 10ರಿಂದ 12 ಗಂಟೆ ಕತ್ತಲೆಯ ನಿದ್ದೆ ಬೇಕು. ಹಾಲ್‌ನಲ್ಲಿ ರಾತ್ರಿ ಹನ್ನೊಂದರವರೆಗೆ ಟಿವಿ ಓಡುತ್ತಿದ್ದರೆ ಅದಕ್ಕೆ ಸಿಗುವುದು ಆರು ಏಳು ಗಂಟೆ ಮಾತ್ರ. ನಿದ್ದೆಗೆಟ್ಟ ಹಕ್ಕಿ ಸಣ್ಣದಕ್ಕೂ ಚೀರುತ್ತದೆ. ಮಲಗಲು ಬೇರೆ ಕೋಣೆಯಲ್ಲಿ ಸಣ್ಣ ಪಂಜರ ಇಡುವುದು ಒಳ್ಳೆಯ ಉಪಾಯ.

ಹಗಲಿನ ಪಂಜರದ ಒಂದು ಬದಿ ಗೋಡೆಗೆ ಒರಗಿರಲಿ. ನಾಲ್ಕೂ ಕಡೆ ತೆರೆದಿದ್ದರೆ ಅದಕ್ಕೆ ಧೈರ್ಯ ಇರುವುದಿಲ್ಲ. ಪಕ್ಕದ ಮನೆಯ ಜೊತೆ ಹಂಚಿಕೊಂಡ ಗೋಡೆಯಿಂದ, ಶಬ್ದ ಹರಿಸುವ ಯುಟಿಲಿಟಿಯಿಂದ ದೂರ ಇಡಿ. ಅಡುಗೆಮನೆಯಲ್ಲಿ ಇಡಲೇಬೇಡಿ. ಜಾಸ್ತಿ ಕಾದ ನಾನ್‌ಸ್ಟಿಕ್ ತವಾದಿಂದ ಹೊರಡುವ ಹೊಗೆ ಗಿಣಿಯನ್ನು ಕೆಲವೇ ನಿಮಿಷಗಳಲ್ಲಿ ಕೊಲ್ಲಬಲ್ಲದು. ಸಾಂಬ್ರಾಣಿ, ಊದುಬತ್ತಿ, ಸೊಳ್ಳೆ ಬತ್ತಿಯ ಹೊಗೆಯೂ ಅದರ ಹತ್ತಿರ ಬೇಡ.

ಬೆಳಿಗ್ಗೆ ಹೊರಡುವ ಮುಂಚೆ ಅರ್ಧ ಮುಕ್ಕಾಲು ಗಂಟೆ ಪಂಜರದಿಂದ ಹೊರಗೆ ಬಿಡಿ. ಸೀಲಿಂಗ್ ಫ್ಯಾನ್ ಆಫ್ ಮಾಡಿ, ಕಿಟಕಿ ಹಾಕಿ ಆಮೇಲೆ ಬಿಡಿ. ತುಂತುರು ನೀರಿನಲ್ಲೋ ಅಗಲ ಬಟ್ಟಲಿನಲ್ಲೋ ಸ್ನಾನ ಮಾಡಿಸಿ. ಹಾರಿ, ಮಿಂದು, ಗರಿ ಒಣಗಿಸಿಕೊಳ್ಳುವ ಹಕ್ಕಿ ಆಮೇಲೆ ತಾನಾಗಿಯೇ ವಿಶ್ರಾಂತಿಗೆ ಕೂರುತ್ತದೆ. ಆ ಹೊತ್ತಿಗೆ ನೀವು ಹೊರಡುವಂತಾದರೆ ತುಂಬಾ ಒಳ್ಳೆಯದು.

ಬೆನ್ನು, ರೆಕ್ಕೆಯ ಕೆಳಗೆ ಸವರುವುದು, ಗುಡಿಸಲಿನಂಥ ಕತ್ತಲೆ ಡಬ್ಬ ಇಡುವುದು ಬೇಡ. ಅದು ಮರಿ ಮಾಡುವ ಕಾಲ ಬಂತು ಅಂದುಕೊಂಡು ನಿಮ್ಮನ್ನೇ ಜೋಡಿ ಮಾಡಿಕೊಳ್ಳುತ್ತದೆ. ಆಗ ಅಗಲಿಕೆ ಇನ್ನೂ ಕಷ್ಟ. ತಲೆ, ಕೆನ್ನೆ ಕೆರೆದರೆ ಸಾಕು.

ಹೆಜ್ಜೆ 4: ಮೆತ್ತಗೆ ಕರೆಯುವುದನ್ನು ಕಲಿಸಿ

ಕೂಗುವುದನ್ನು ನಿಲ್ಲಿಸಲು ಆಗುವುದಿಲ್ಲ. ಜೋರು ಕೂಗಿನ ಜಾಗದಲ್ಲಿ ಮೆತ್ತನೆಯ ಕೂಗನ್ನು ತರಬಹುದು.

ನಿಮ್ಮ ಗಿಣಿ ಈಗಾಗಲೇ ಮಾಡುವ ಒಂದು ಸಣ್ಣ ಸದ್ದನ್ನು ಆರಿಸಿ. ಸಿಳ್ಳೆ, ಚುಂಬನದ ಸದ್ದು, ಬಾಯಲ್ಲಿ ಟಕ್ ಅನ್ನುವುದು, ಯಾವುದಾದರೂ ಸರಿ. ಪಂಜರದ ಮುಂದೆ ಕೂತು ಅದು ಆ ಸದ್ದು ಮಾಡಿದ ತಕ್ಷಣ ನೀವೂ ಹಾಗೇ ಮಾಡಿ, ಒಂದು ಸೂರ್ಯಕಾಂತಿ ಬೀಜ ಕೊಡಿ. ಈ ಬೀಜವನ್ನು ಊಟದ ಬಟ್ಟಲಿನಿಂದ ಪೂರ್ತಿ ತೆಗೆದಿಡಿ. ಕೊಬ್ಬು ಜಾಸ್ತಿ ಇರುವುದರಿಂದ ದಿನದ ಊಟಕ್ಕೆ ಅದು ಒಳ್ಳೆಯದಲ್ಲ, ತರಬೇತಿಗೆ ಮಾತ್ರ ಸಿಕ್ಕಿದರೆ ಅದರ ಬೆಲೆ ಹೆಚ್ಚುತ್ತದೆ. ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ ಸಾಕು.

ಸದ್ದು ಮಾಡಿದರೆ ಉತ್ತರ ಬರುತ್ತದೆ ಅಂತ ಗೊತ್ತಾದ ಮೇಲೆ ಬಾಗಿಲ ಮರೆಗೆ ಹೋಗಿ. ಸದ್ದು ಕೇಳಿದರೆ ತಕ್ಷಣ ಓಗೊಡಿ, ಬಂದು ಮುಖ ತೋರಿಸಿ, ಬೀಜ ಕೊಡಿ. ಇನ್ನೂ ಒಳ್ಳೆಯದು ಏನೆಂದರೆ, ಅದು ಕರೆಯುವ ಮುಂಚೆಯೇ ನೀವು ಅಡುಗೆಮನೆಯಿಂದ ಸಿಳ್ಳೆ ಹಾಕಿ. ಗುಂಪಿನಲ್ಲಿ ಯಾವಾಗಲೂ ಒಂದೇ ಹಕ್ಕಿ ಕೇಳುವುದಿಲ್ಲ, ಅಲ್ವಾ. ನಿಧಾನವಾಗಿ ಬರುವುದನ್ನು ಕಡಿಮೆ ಮಾಡಿ, ಓಗೊಡುವುದನ್ನು ಮಾತ್ರ ಉಳಿಸಿಕೊಳ್ಳಿ. ಓಗೊಡುವುದನ್ನು ಎಂದೂ ಪೂರ್ತಿ ನಿಲ್ಲಿಸಬೇಡಿ.

ನಡುವೆ ಕಿರುಚಿದರೆ? ಮಾತಾಡಬೇಡಿ, ನೋಡಬೇಡಿ, ಕೋಣೆಗೆ ಬರಬೇಡಿ. ಎರಡು ಮೂರು ಸೆಕೆಂಡ್ ನಿಲ್ಲಿಸಿತು ಅಂದಾಗ, ಅಥವಾ ಮೆತ್ತನೆಯ ಸದ್ದು ಮಾಡಿದಾಗ, ಆಗಲೇ ಓಗೊಡಿ. ಮೊದಮೊದಲು ಕಿರುಚಾಟ ಇನ್ನೂ ಜಾಸ್ತಿಯಾಗುತ್ತದೆ. ಇಷ್ಟು ದಿನ ಕೆಲಸ ಮಾಡಿದ ಕೂಗು ಈಗ ಕೆಲಸ ಮಾಡುತ್ತಿಲ್ಲ, ಆದ್ದರಿಂದ ಅದು ಇನ್ನೂ ಜೋರಾಗಿ ಪ್ರಯತ್ನಿಸುತ್ತದೆ. ಇಲ್ಲೇ ಹೆಚ್ಚಿನವರು ಸೋಲುತ್ತಾರೆ. ಹದಿನೈದು ನಿಮಿಷ ತಡೆದುಕೊಂಡು ಹದಿನಾರನೆಯ ನಿಮಿಷ ಅಜ್ಜಿ ಹೋಗಿ 'ಏನಾಯ್ತು ಪುಟ್ಟಾ' ಅಂದರೆ, ಹದಿನಾರು ನಿಮಿಷ ಕಿರುಚಬೇಕು ಅಂತ ಅದು ಕಲಿಯುತ್ತದೆ. ಒಮ್ಮೆ ಉತ್ತರ ಕೊಟ್ಟು ಒಮ್ಮೆ ಕೊಡದಿದ್ದರೆ ಅಭ್ಯಾಸ ಇನ್ನೂ ಗಟ್ಟಿಯಾಗುತ್ತದೆ. ಆದ್ದರಿಂದ ಅಜ್ಜಿ, ಮಕ್ಕಳು, ಮನೆಗೆಲಸಕ್ಕೆ ಬರುವವರು, ಎಲ್ಲರಿಗೂ ಸಿಳ್ಳೆ ಕಲಿಸಿ. ಅಜ್ಜಿಗೆ ಓಗೊಡಬೇಡಿ ಅನ್ನುವುದಕ್ಕಿಂತ ಯಾವುದಕ್ಕೆ ಓಗೊಡಬೇಕು ಅಂತ ಹೇಳಿದರೆ ಅವರಿಗೂ ಸುಲಭ, ಸಂತೋಷ.

ಕೂಗಿನ ಧಾಟಿ ಬೇರೆಯಾಗಿದ್ದರೆ ಮಾತ್ರ ಓಡಿ ಹೋಗಿ ನೋಡಿ. ಉಗುರು ಆಟಿಕೆಗೆ ಸಿಕ್ಕಿರಬಹುದು, ಬೆಕ್ಕು ಬಂದಿರಬಹುದು.

ಹೆಜ್ಜೆ 5: ಕೈತುಂಬ ಕೆಲಸ ಕೊಡಿ

ಕಾಡಿನಲ್ಲಿ ಗಿಣಿಗಳು ದಿನದ ಎಷ್ಟೋ ಗಂಟೆಗಳನ್ನು ಆಹಾರ ಹುಡುಕುವುದರಲ್ಲೇ ಕಳೆಯುತ್ತವೆ. ನಮ್ಮ ಮನೆಯಲ್ಲಿ ಬಟ್ಟಲು ತುಂಬಿಸಿ ಇಟ್ಟರೆ ಊಟ ಬೇಗ ಮುಗಿಯುತ್ತದೆ. ಉಳಿದ ಹೊತ್ತು ಏನು ಮಾಡಬೇಕು?

ಇದಕ್ಕೆ ದುಬಾರಿ ಆಟಿಕೆ ಬೇಕಿಲ್ಲ. ನಮ್ಮ ಸಂತೆಯಲ್ಲಿ ಸಿಗುವ ಸಾಮಾನುಗಳೇ ಬೇಕಾದಷ್ಟಿವೆ. ಅಡಿಕೆ ಹಾಳೆ ತಟ್ಟೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು. ಚೂರು ಚೂರು ಹರಿಯಲು ಗಿಣಿಗೆ ಬಲು ಇಷ್ಟ. ಎರಡು ತಟ್ಟೆಯ ನಡುವೆ ಕಾಳು ಇಟ್ಟು ತೂತು ಮಾಡಿ ಸೇರಿಸಿ ಕಟ್ಟಿದರೆ ಸನ್ ಕೊನ್ಯೂರ್‌ಗೆ ಒಳ್ಳೆಯ ಕೆಲಸ. ಮುತ್ತುಗದ ಎಲೆಯಲ್ಲಿ ಪೊಟ್ಟಣ ಕಟ್ಟಬಹುದು. ನಾರು ಕೆರೆದು ತೊಳೆದ ತೆಂಗಿನ ಚಿಪ್ಪಿಗೆ ತೂತು ಕೊರೆದು ಒಳಗೆ ಕಾಗದದ ಉಂಡೆ, ಉಂಡೆಯೊಳಗೆ ತಿನಿಸು ಇಡಬಹುದು. ಎಳೆಯ ಜೋಳದ ತೆನೆಯನ್ನು ಸಿಪ್ಪೆ ಸಮೇತ ತೂಗುಹಾಕಿ. ಒದ್ದೆ ನುಗ್ಗೆ ಸೊಪ್ಪು, ಕೊತ್ತಂಬರಿ ಸೊಪ್ಪಿನ ಕಟ್ಟು ಪಂಜರದ ಮೇಲ್ಭಾಗಕ್ಕೆ ಕಟ್ಟಿ. ಕೂರಲು, ಸಿಗಿಯಲು ಔಷಧಿ ಹೊಡೆಯದ ಸೀಬೆ ಮರದ ಕೊಂಬೆ ಕೊಡಿ. ಕಣಗಿಲೆ ಗಿಡದ ಏನೂ ಬೇಡ, ಅದು ವಿಷ. ಬೆಣ್ಣೆಹಣ್ಣು, ಚಾಕೊಲೇಟ್ ಕೂಡ ವಿಷವೇ. ಪಿನ್ ಹೊಡೆದ ರಟ್ಟು, ಎಳೆ ಬಿಟ್ಟ ಹತ್ತಿಯ ಹಗ್ಗವನ್ನು ಒಂಟಿಯಾಗಿದ್ದಾಗ ಕೊಡಬೇಡಿ.

ಹುಡುಕಿ ತಿನ್ನುವುದನ್ನೂ ಕಲಿಸಬೇಕು. ಮನೆಯಲ್ಲಿ ಬೆಳೆದ ಮರಿಗೆ ಅದು ಗೊತ್ತಿರುವುದಿಲ್ಲ. ಮೊದಲು ಅದರ ಕಣ್ಣೆದುರೇ ಕಾಳನ್ನು ಕಾಗದದ ಮೇಲಿಡಿ. ಆಮೇಲೆ ಕಾಗದವನ್ನು ಸಡಿಲವಾಗಿ ಮಡಿಸಿ. ಆಮೇಲೆ ತಿರುಚಿ. ನೀವು ಪಕ್ಕದಲ್ಲಿದ್ದಾಗ ಸಲೀಸಾಗಿ ಬಿಚ್ಚಿ ತಿನ್ನುವ ಹಂತಕ್ಕೆ ಬಂದ ಮೇಲೆ ಮಾತ್ರ ಒಂಟಿಯಾಗಿದ್ದಾಗ ಕೊಡಿ. ಗಾಬರಿಯಲ್ಲಿರುವ ಹಕ್ಕಿ ಹೊಸ ಆಟಿಕೆಯನ್ನು ಮುಟ್ಟುವುದಿಲ್ಲ. ದಿನದ ಆಹಾರದ ಒಂದು ಭಾಗವನ್ನು ಮಾತ್ರ ಹೀಗೆ ಅಡಗಿಸಿ, ಉಳಿದದ್ದು ಬಟ್ಟಲಲ್ಲಿರಲಿ. ಉಪವಾಸ ಕೆಡವಬೇಡಿ. ತೂಕ ಇಳಿಯುತ್ತಾ ಹೋದರೆ ಬಟ್ಟಲಿನ ಪಾಲು ಹೆಚ್ಚಿಸಿ.

ಹೆಜ್ಜೆ 6: ಹೋಗಿ ಬರುವ ಅಭ್ಯಾಸ

ಗಿಣಿ ಗಾಬರಿಯಾಗುವುದು ಬಾಗಿಲು ಹಾಕಿದಾಗಲ್ಲ. ಹೆಲ್ಮೆಟ್ ಎತ್ತಿಕೊಂಡಾಗ, ಗಾಡಿ ಕೀ ಸದ್ದಾದಾಗ, ಶೂ ಹಾಕಿಕೊಂಡಾಗಲೇ ಅದಕ್ಕೆ ಗೊತ್ತಾಗುತ್ತದೆ. ಆದ್ದರಿಂದ ಈ ಸೂಚನೆಗಳ ಮೊನೆ ಮುರಿಯಿರಿ. ಭಾನುವಾರ ಕೀ ಎತ್ತಿಕೊಂಡು ಸೋಫಾದಲ್ಲಿ ಕೂತುಕೊಳ್ಳಿ. ಹೆಲ್ಮೆಟ್ ಹಾಕಿಕೊಂಡು ಕಾಫಿ ಮಾಡಿ. ಶೂ ಹಾಕಿ ಬಿಚ್ಚಿ. ಅದು ತಲೆ ಎತ್ತಿ ನೋಡುವುದನ್ನೂ ಬಿಟ್ಟ ಮೇಲೆ ಮುಂದಕ್ಕೆ ಹೋಗಿ.

ತಿನಿಸು ಅಡಗಿಸಿದ ಆಟಿಕೆ ಕೊಟ್ಟು, ಬಾಗಿಲು ತೆರೆದು ಹೊರಗೆ ಹೋಗಿ ಐದು ಸೆಕೆಂಡಿಗೆ ವಾಪಸ್ ಬನ್ನಿ. ಸಂಭ್ರಮ ಬೇಡ, ಸುಮ್ನೆ ಬಂದು ನಿಮ್ಮ ಕೆಲಸ ನೋಡಿ. ಆಮೇಲೆ ಹದಿನೈದು ಸೆಕೆಂಡ್, ಹತ್ತು ಸೆಕೆಂಡ್, ಮೂವತ್ತು, ಇಪ್ಪತ್ತು, ಒಂದು ನಿಮಿಷ. ಏರುತ್ತಲೇ ಹೋದರೆ ಪ್ರತಿ ಸಲವೂ ಹಿಂದಿನದಕ್ಕಿಂತ ಕಷ್ಟ ಅಂತ ಅದಕ್ಕೆ ತಿಳಿಯುತ್ತದೆ, ಅದಕ್ಕೇ ಏರಿಳಿತ ಬೇಕು. ಅದು ಕಿರುಚುವ ಮುಂಚೆ ವಾಪಸ್ ಬರುವುದೇ ಇಲ್ಲಿನ ಗುಟ್ಟು. ರೆಕಾರ್ಡ್ ಕೇಳಿ ಗೊತ್ತಾಗಿದೆಯಲ್ಲ, ಹೋದ ಎಷ್ಟು ಹೊತ್ತಿಗೆ ಶುರುವಾಗುತ್ತದೆ ಅಂತ. ಅದಕ್ಕಿಂತ ಕಮ್ಮಿ ಹೊತ್ತಿನಿಂದ ಆರಂಭಿಸಿ. ಕಿರುಚಿತು ಅಂದರೆ ನೀವು ಅವಸರ ಮಾಡಿದ್ದೀರಿ ಅಂತ ಅರ್ಥ, ಎರಡು ಹೆಜ್ಜೆ ಹಿಂದೆ ಬನ್ನಿ. ಲಿಫ್ಟ್ ಸದ್ದು, ಕೆಳಗೆ ಗಾಡಿ ಸ್ಟಾರ್ಟ್ ಆಗುವ ಸದ್ದನ್ನೂ ನಿಧಾನವಾಗಿ ಸೇರಿಸಿಕೊಳ್ಳಿ. ಸಾಮಾನ್ಯವಾಗಿ ಮೊದಲ ಅರ್ಧ ಗಂಟೆ ದಾಟುವುದೇ ಕಷ್ಟ. ಅಲ್ಲಿಂದ ಮುಂದೆ ಸಮಯ ಬೇಗ ಬೆಳೆಯುತ್ತದೆ.

'ಆದರೆ ನಾಳೆ ಎಂಟು ಗಂಟೆ ಆಫೀಸಿಗೆ ಹೋಗಬೇಕಲ್ಲ?' ನಿಜವಾದ ತೊಂದರೆ ಇದು. ಈ ವಾರಗಳಲ್ಲಿ ಆದಷ್ಟು ಜನ ಸರದಿಯಲ್ಲಿ ಮನೆಯಲ್ಲಿರಿ, ವರ್ಕ್ ಫ್ರಂ ಹೋಮ್ ಸಿಕ್ಕರೆ ತೆಗೆದುಕೊಳ್ಳಿ, ಹಕ್ಕಿಗೆ ಗೊತ್ತಿರುವವರ ಮನೆಗೆ ಬಿಡಿ. ಅದೂ ಆಗದಿದ್ದರೆ ಅಭ್ಯಾಸಕ್ಕೆ ಒಂದು ಗುರುತು ಇಟ್ಟುಕೊಳ್ಳಿ. ಪಂಜರಕ್ಕೆ ಒಂದು ಬಣ್ಣದ ಬಟ್ಟೆ ಕಟ್ಟಿದಾಗ ಅಭ್ಯಾಸ, ಅದಿಲ್ಲದಾಗ ನಿಜವಾದ ಹೋಗುವಿಕೆ. ಬಟ್ಟೆ ಇದ್ದರೆ ಬೇಗ ಬರುತ್ತಾರೆ ಅಂತ ಅದು ಕಲಿಯುತ್ತದೆ. ಅಭ್ಯಾಸದ ಸಮಯ ಸಾಕಷ್ಟು ಬೆಳೆದ ಮೇಲೆ ನಿಜವಾದ ದಿನಗಳಿಗೂ ಬಟ್ಟೆ ಕಟ್ಟಲು ಶುರು ಮಾಡಿ.

ರೇಡಿಯೊವನ್ನು ಸಣ್ಣ ದನಿಯಲ್ಲಿ ಇಟ್ಟು ಹೋಗಬಹುದು. ಅದನ್ನು ನೀವು ಮನೆಯಲ್ಲಿದ್ದಾಗಲೂ ಆಗಾಗ ಹಾಕಿ, ಇಲ್ಲವಾದರೆ ರೇಡಿಯೊ ಸದ್ದೇ ಒಂಟಿತನದ ಸೂಚನೆಯಾಗುತ್ತದೆ. ಕಾಡು ಗಿಣಿಗಳ ಕೂಗಿನ ವಿಡಿಯೊ ಹಾಕಿ ಬಿಡಬೇಡಿ. ಅದರಲ್ಲಿ ಎಚ್ಚರಿಕೆಯ ಕೂಗು ಇದ್ದರೆ ನಿಮ್ಮ ಹಕ್ಕಿ ನಡುಗುತ್ತದೆ. 2023ರಲ್ಲಿ ಗಿಣಿಗಳಿಗೆ ಪರಸ್ಪರ ವಿಡಿಯೊ ಕರೆ ಮಾಡಲು ಕಲಿಸಿದ ಒಂದು ಪ್ರಯೋಗದ ಸುದ್ದಿ ಎಲ್ಲೆಡೆ ಬಂತು. ಹಕ್ಕಿಗಳು ಅದನ್ನು ಇಷ್ಟಪಟ್ಟವು, ನಿಜ. ಆದರೆ ಅಲ್ಲಿ ಸಾಕಿದವರು ಪಕ್ಕದಲ್ಲೇ ಕೂತಿದ್ದರು, ಕರೆಗಳೂ ಐದು ನಿಮಿಷದ ಒಳಗಿನವು. ಟ್ಯಾಬ್ ಇಟ್ಟು ಮನೆ ಬಿಟ್ಟು ಹೋಗುವುದಕ್ಕೆ ಅದು ಪರವಾನಗಿ ಅಲ್ಲ.

ಇವನ್ನು ಮಾಡಬೇಡಿ

ಪಂಜರಕ್ಕೆ ಹಗಲಲ್ಲಿ ಬಟ್ಟೆ ಹೊದಿಸುವುದು, ನೀರು ಚಿಮುಕಿಸುವುದು, ಪಂಜರ ಬಡಿಯುವುದು, ಬಾತ್‌ರೂಮಿನಲ್ಲಿ ಕೂಡಿಹಾಕುವುದು. ಇವುಗಳಿಂದ ಹಕ್ಕಿ ಸ್ವಲ್ಪ ಹೊತ್ತು ಸುಮ್ಮನಾಗಬಹುದು. ಸುಮ್ಮನಾಗುವುದು ಹೆದರಿಕೆಯಿಂದ. ಮುಂದೆ ಅದು ಕಚ್ಚಲು ಶುರು ಮಾಡುತ್ತದೆ, ಅಥವಾ ತನ್ನ ಗರಿಯನ್ನು ತಾನೇ ಕಿತ್ತುಕೊಳ್ಳುತ್ತದೆ.

ಪಕ್ಕದ ಮನೆಯವರ ಜೊತೆ

ದೂರು ಬರುವ ಮುಂಚೆ ನೀವೇ ಹೋಗಿ ಮಾತಾಡಿ. ತರಬೇತಿ ಮಾಡುತ್ತಿದ್ದೇವೆ, ಮೊದಲ ಎರಡು ವಾರ ಗಲಾಟೆ ಜಾಸ್ತಿ ಇರಬಹುದು ಅಂತ ಹೇಳಿ. ಅವರ ಮನೆಯಲ್ಲಿ ರಾತ್ರಿ ಪಾಳಿ ಮಾಡಿ ಹಗಲು ಮಲಗುವವರು, ಹಸುಗೂಸು ಇದ್ದಾರಾ ಕೇಳಿಕೊಂಡು ಅಭ್ಯಾಸದ ಹೊತ್ತು ಹೊಂದಿಸಿ. ಕಿರುಚಿದಾಗ ಗೋಡೆ ಬಡಿಯಬೇಡಿ ಅಂತಲೂ ಕೇಳಿಕೊಳ್ಳಿ. ಗೋಡೆಯ ಸದ್ದನ್ನೂ ಕೆಲವು ಹಕ್ಕಿಗಳು ಉತ್ತರ ಅಂತಲೇ ತಿಳಿಯುತ್ತವೆ.

ಇಷ್ಟಾದರೂ ಆಗದಿದ್ದರೆ

ಜೊತೆಗೆ ಇನ್ನೊಂದು ಗಿಣಿ ತಂದರೆ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಕೆಲವು ಮನೆಗಳಲ್ಲಿ ಅದು ತುಂಬಾ ಒಳ್ಳೆಯದಾಗುತ್ತದೆ. ಆದರೆ ಕಿರುಚಾಟ ನಿಲ್ಲಿಸುವುದಕ್ಕೆ ಅಂತ ತರಬೇಡಿ. ಹೊಸ ಹಕ್ಕಿಯನ್ನು ವೈದ್ಯರಿಗೆ ತೋರಿಸಿ ಒಂದು ತಿಂಗಳಾದರೂ ಬೇರೆ ಕೋಣೆಯಲ್ಲಿ ಇಡಬೇಕು, ಗಿಣಿಗಳಿಗೆ ಹರಡುವ ಕಾಯಿಲೆಗಳು ಬಲು ಕೆಟ್ಟವು. ಎರಡಕ್ಕೂ ಹೊಂದಿಕೆಯಾಗದೆ ಎರಡು ಪಂಜರ ಇಡಬೇಕಾಗಿ ಬರಬಹುದು. ಹಳೆಯದು ಹೊಸದಕ್ಕೆ ಕಿರುಚುವುದನ್ನೂ ಕಲಿಸಬಹುದು. ಎರಡು ಹಕ್ಕಿ ಸಾಕುವ ಮನಸ್ಸು, ಜಾಗ, ದುಡ್ಡು ಇದ್ದರೆ ಮಾತ್ರ ಯೋಚಿಸಿ.

ಮನೆ ದಿನಾ ಹತ್ತು ಹನ್ನೆರಡು ಗಂಟೆ ಖಾಲಿ ಇದ್ದು, ಮನೆಗೆ ಬಂದ ಮೇಲೂ ಅದಕ್ಕೆ ಕೊಡಲು ಒಂದು ಗಂಟೆ ಇಲ್ಲದಿದ್ದರೆ ಯಾವ ತರಬೇತಿಯೂ ಕೈ ಹಿಡಿಯುವುದಿಲ್ಲ. ಮಧ್ಯಾಹ್ನ ಒಬ್ಬರು ಬಂದು ಒಂದು ಗಂಟೆ ಜೊತೆಗಿರುವ ಏರ್ಪಾಡು ಮಾಡಿ. ಅಪಾರ್ಟ್‌ಮೆಂಟಿನಲ್ಲೇ ನಿವೃತ್ತರಾದ ಹಿರಿಯರು, ಕಾಲೇಜು ಮಕ್ಕಳು ಇಂಥ ಕೆಲಸಕ್ಕೆ ಖುಷಿಯಿಂದ ಒಪ್ಪುತ್ತಾರೆ. ಅದೂ ಸಾಧ್ಯವಿಲ್ಲವಾದರೆ, ಗಿಣಿಗಳನ್ನು ಗುಂಪಾಗಿ ದೊಡ್ಡ ಪಕ್ಷಿಮನೆಯಲ್ಲಿ ಸಾಕುವ, ನೀವೇ ಹೋಗಿ ನೋಡಿ ನಂಬಿಕೆ ಬಂದ ಒಬ್ಬರಿಗೆ ಕೊಡುವುದು ಹಕ್ಕಿಯ ದೃಷ್ಟಿಯಿಂದ ಸರಿ. ಸನ್ ಕೊನ್ಯೂರ್ ಚೆನ್ನಾಗಿ ನೋಡಿಕೊಂಡರೆ 20 ವರ್ಷಕ್ಕಿಂತ ಜಾಸ್ತಿ ಬದುಕುತ್ತದೆ. ಕೊಡುವಾಗ ಅದರ ತೂಕದ ಪುಸ್ತಕ, ಇಷ್ಟದ ತಿನಿಸಿನ ಪಟ್ಟಿ, ನೋಂದಣಿ ಕಾಗದದ ಜೊತೆಗೆ ನಿಮ್ಮ ಸಿಳ್ಳೆಯನ್ನೂ ರೆಕಾರ್ಡ್ ಮಾಡಿ ಕೊಡಿ. ಹೊಸ ಮನೆಯವರು ಮೊದಲ ದಿನದಿಂದಲೇ ಅದಕ್ಕೆ ಓಗೊಡಬಹುದು.